ರಬ್ಬರ್ ಹಾಲಿನ ಮುದುಕಿ

ಮಾರ್ಚ್ 3, ಸೋಮವಾರ

...ಅಸಹ್ಯ ಅನ್ನಿಸಬಾರದು ಎಂದನೋ, ಅಸಹ್ಯ ಆಗಬಾರದು ಎಂದನೋ, ಈಗ ಸರಿಯಾಗಿ ನೆನಪಿಲ್ಲ. "ಮುದುಕಿ ಮುದುಕಿ ಥರಾನೇ ಕಾಣ್ಬೇಕು ಮೇಷ್ಟ್ರೇ, ಆದ್ರೆ ನೋಡೋರಿಗೆ..." ಎಂದು ಕೈಯನ್ನು ಗಾಳಿಯಲ್ಲಿ ಆಡಿಸಿ ಆ ಮಾತು ಹೇಳಿದ. ನಿರ್ದೇಶಕನಿಗೆ ಮೂವತ್ತನಾಲ್ಕು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ಅರವತ್ತೇಳು.

ಸಿನಿಮಾದ ಕಥೆ ಇಷ್ಟು. ನಾಲ್ಕನೇ ಮಹಡಿಯಲ್ಲಿ ಎಂಬತ್ತರ ಒಂಟಿ ಮುದುಕಿ. ಕದಿಯಲು ಬಂದ ಹುಡುಗ ಕೆಟ್ಟುನಿಂತ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಮುದುಕಿ ಜಾಲರಿ ಬಾಗಿಲ ಸಂದಿಯಿಂದ ಅವನಿಗೆ ಊಟ ಕೊಡುತ್ತಾಳೆ. ನಂಟು ಬೆಳೆಯುತ್ತದೆ. ಮುದುಕಿ ಸಾಯುತ್ತಾಳೆ, ಹುಡುಗ ಒಳ್ಳೆಯವನಾಗುತ್ತಾನೆ. ಲಿಫ್ಟ್ ಮಾತ್ರ ಕೊನೆಯ ತನಕ ರಿಪೇರಿಯಾಗುವುದಿಲ್ಲ. ಇಡೀ ಕಥೆಯಲ್ಲಿ ಅದೊಂದೇ ನಂಬುವಂತಿದೆ.

ನಿಜವಾದ ಮುದುಕಿ ಸಿಗಲಿಲ್ಲವೇ ಎಂದು ಕೇಳಿದೆ. "ಮುದುಕೀರು ಬೇಕಾದಷ್ಟು ಸಿಗ್ತಾರೆ. ದಿನಕ್ಕೆ ಹತ್ತು ಸಲ ನಾಲ್ಕು ಮಹಡಿ ಹತ್ತೋ ಮುದುಕಿ ಎಲ್ಲಿಂದ ತರ್ಲಿ?" ಎಂದ. ಆದ್ದರಿಂದ ಇಪ್ಪತ್ತನಾಲ್ಕರ ಒಬ್ಬ ಹುಡುಗಿ. ಮೂರು ನಾಟಕ, ಒಂದು ಸೋಪಿನ ಜಾಹೀರಾತು ಮಾಡಿದ್ದಾಳೆ. ಸಿನಿಮಾ ಇದೇ ಮೊದಲು. ತಿಂಗಳ ಕೊನೆಯ ತನಕ ಪ್ರತಿ ಬೆಳಗ್ಗೆ ಮೂರು ಗಂಟೆ ಕಾಲ ಮೇಕಪ್ ಹಚ್ಚಿ ಅವಳ ಮುಖದ ಮೇಲೆ ನಾನು ಮುಪ್ಪು ಕೂರಿಸಬೇಕು.

ಬಲಗೈ ಇವತ್ತು ಮಾತು ಕೇಳಿತು. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡು ಕೆಲಸ ಮಾಡಿದರೆ ನಡುಕ ಬೆರಳಿನ ತನಕ ಇಳಿಯುವುದಿಲ್ಲ. ಐದು ತಿಂಗಳಿಂದ ಇದೇ ಉಪಾಯ. ಯಾರಿಗಾದರೂ ಗೊತ್ತಾದರೆ ಅಲ್ಲಿಗೆ ನನ್ನ ಕಥೆ ಮುಗಿಯಿತು. ನಡುಗುವ ಕೈಗೆ ಯಾರೂ ಕಣ್ಣು ಕೊಡುವುದಿಲ್ಲ.

ಮಾರ್ಚ್ 4, ಮಂಗಳವಾರ

ಖಾಲಿ ಫ್ಲ್ಯಾಟೊಂದರ ಅಡುಗೆಮನೆಯೇ ಮೇಕಪ್ ಕೋಣೆ. ಸಿಂಕಿನ ಬಾಯಲ್ಲಿ ಹಿಂದಿನ ಬಾಡಿಗೆಯವರ ಕೂದಲು ಇನ್ನೂ ಇದೆ. ಗೋಡೆಗೆ ಒಂದು ದೊಡ್ಡ ಕನ್ನಡಿ ಹೊಡೆಸಿದ್ದಾರೆ. ಅದರ ಅಂಚಿಗೆ, ನಿರ್ದೇಶಕ ಒಪ್ಪಿದ ಮುದುಕಿಯ ಮುಖದ ಚಿತ್ರ. ನಾನು ಯಾರನ್ನೂ ಕನ್ನಡಿಗೆ ಎದುರಾಗಿ ಕೂರಿಸುವುದಿಲ್ಲ, ಬೆನ್ನು ಹಾಕಿ ಕೂರಿಸುತ್ತೇನೆ. ಅರ್ಧ ಆದ ಮುಖ ನೋಡಿಕೊಂಡರೆ ನಟರು ಗೊಣಗುತ್ತಾರೆ. ನಲವತ್ತು ವರ್ಷದ ಅಭ್ಯಾಸ.

ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಹಿಡಿಯಬೇಕು; ನನ್ನ ಎಡಗೈ ಮಣಿಕಟ್ಟಿಗೆ ಬೇಕು, ಹಾಗಾಗಿ ಅದನ್ನು ಕೂತವರಿಂದಲೇ ಹಿಡಿಸುತ್ತೇನೆ. ಸ್ಪಂಜಿನಿಂದ ರಬ್ಬರ್ ಹಾಲು ತಟ್ಟಬೇಕು. ಬಿಸಿಗಾಳಿ ಹಾಯಿಸಿ, ಪೌಡರ್ ಒತ್ತಿ, ಬೆರಳು ಬಿಟ್ಟರೆ ಎಳೆದ ಜಾಗ ಮುದುಡಿ ಸುಕ್ಕಾಗುತ್ತದೆ. ಹೀಗೆ ಹಣೆ, ಕಣ್ಣಿನ ಕೆಳಗೆ, ಗಲ್ಲ, ಕುತ್ತಿಗೆ. ರಬ್ಬರ್ ಹಾಲಿಗೆ ನಿಂತ ಮೂತ್ರದ ವಾಸನೆ. ಮೂಗು ಮುಚ್ಚಿಕೊಳ್ಳುವ ಹಾಗಿಲ್ಲ, ಎರಡು ಕೈಯೂ ಬೇಕು.

ಹುಡುಗಿ ಸುಮ್ಮನಿರುವುದಿಲ್ಲ.

"ತಾತ, ಇದು ಎಷ್ಟು ಹೊತ್ತಿರತ್ತೆ?"

"ನಿನ್ ತಾತ ನಿನ್ ಮನೇಲಿರ್ತಾರೆ."

"ಇಲ್ಲ, ತೀರ್ಕೊಂಡ್ರು. ಹಾಗಾದ್ರೆ ಅಣ್ಣ ಅನ್ಲಾ?"

"ಏನೂ ಅನ್ಬೇಡ. ಬಾಯಿ ಮುಚ್ಕೋ, ಬಿರುಕು ಬಿಡತ್ತೆ."

ಎರಡು ನಿಮಿಷ ಹಣೆಗೆ ರಬ್ಬರ್ ತಟ್ಟಿಸಿಕೊಂಡಳು. ಆಮೇಲೆ ತುಟಿ ಅಲುಗಿಸದೆ, ಹಲ್ಲಿನ ಸಂದಿಯಿಂದ, "ಮೇಷ್ಟ್ರೇ, ವಯಸ್ಸಾಯ್ತು ಅಂತ ನಿಮ್ಗೆ ಮೊದಲ್ನೇ ಸಲ ಯಾವಾಗ ಗೊತ್ತಾಯ್ತು?"

"ಈಗ. ನಿನ್ ಮಾತು ಕೇಳಿ."

ನಕ್ಕಳು. ಬಲಗೆನ್ನೆ ಬಿರುಕು ಬಿಟ್ಟಿತು. ಮತ್ತೆ ಮೊದಲಿನಿಂದ.

ಮಾರ್ಚ್ 7, ಶುಕ್ರವಾರ

ಇವತ್ತಿನದನ್ನು ಬರೆಯಲು ಕೂಡ ಹೇಸಿಗೆ.

ಮಧ್ಯಾಹ್ನದ ಶಾಟ್‌ನಲ್ಲಿ ಮುದುಕಿ ಕುರ್ಚಿಯಲ್ಲಿ ಕೂರಬೇಕು, ಎದ್ದು ಬಾಗಿಲ ತನಕ ಹೋಗಬೇಕು. ನಾನು ನಿರ್ದೇಶಕನ ಹಿಂದೆ ನಿಂತು, ಕ್ಯಾಮೆರಾ ಕಂಡದ್ದನ್ನು ತೋರಿಸುವ ಸಣ್ಣ ಪರದೆಯಲ್ಲಿ ಗಲ್ಲದ ಅಂಟು ಬಿಟ್ಟಿದೆಯೇ ಎಂದು ನೋಡುತ್ತಿದ್ದೆ. ಹುಡುಗಿ ಮೊದಲು ಕೈ ಹಿಂದಕ್ಕೆ ಚಾಚಿ ಕುರ್ಚಿ ಇದೆಯೇ ಎಂದು ಮುಟ್ಟಿ ನೋಡಿದಳು. ಅರ್ಧ ಇಳಿದು ನಿಂತಳು. ಆಮೇಲೆ ಉಳಿದದ್ದನ್ನು ಧೊಪ್ಪನೆ ಬಿಟ್ಟಳು. ಏಳುವಾಗ ಬಾಯಿಂದ ಒಂದು ಸದ್ದು. ನಡೆಯುವಾಗ ಎಡಗಾಲು ಸ್ವಲ್ಪ ತಡ, ಬಲಗಾಲಿನ ಅಪ್ಪಣೆ ಕೇಳಿ ಬಂದ ಹಾಗೆ. ಬಾಗಿಲ ಹತ್ತಿರ ನಿಂತು ಎಡಗೈಯಿಂದ ಬಲ ಮಣಿಕಟ್ಟು ಹಿಡಿದುಕೊಂಡಳು.

ಲೈಟಿನವನು ಪಕ್ಕದವನಿಗೆ ಮೊಣಕೈಯಲ್ಲಿ ತಿವಿದ. "ಥೇಟ್ ನಮ್ ಮೇಷ್ಟ್ರು ಕಣೋ!"

ಎಲ್ಲರೂ ನನ್ನ ಕಡೆ ತಿರುಗಿದರು. ನಿರ್ದೇಶಕ ಚಪ್ಪಾಳೆ ತಟ್ಟಿದ.

ನಾನು ಹಾಗೆ ಕೂರುತ್ತೇನೆಯೇ? ಆ ಸದ್ದು ನನ್ನ ಬಾಯಿಂದ ಬರುತ್ತದೆಯೇ? ಮನೆಯಲ್ಲಿ ಅಕ್ಕನನ್ನು ಕೇಳಿದೆ. ಅವಳಿಗೆ ಎಪ್ಪತ್ತನಾಲ್ಕು. ಬಟ್ಟೆ ಮಡಚುತ್ತಾ, "ಎಂಟು ವರ್ಷದಿಂದ ಬರತ್ತೆ. ಬಾಗಿಲು ತೆಗೆಯೋಕೆ ಮುಂಚೆ ನೀನು ಬಂದೆ ಅಂತ ಅದ್ರಿಂದ್ಲೇ ಗೊತ್ತಾಗೋದು" ಎಂದಳು.

ನಡಿಗೆ ಕದ್ದದ್ದು ಹಾಳಾಗಿ ಹೋಗಲಿ. ಮಣಿಕಟ್ಟು ಹಿಡಿಯುವುದನ್ನು ಪರದೆಯಷ್ಟು ದೊಡ್ಡದು ಮಾಡಿ ತೋರಿಸಿದ್ದಾಳೆ. ನಾಳೆ ಯಾರಿಗಾದರೂ ಮೇಷ್ಟ್ರು ಯಾಕೆ ಹಾಗೆ ಹಿಡಿಯುತ್ತಾರೆ ಎಂಬ ಪ್ರಶ್ನೆ ಬಂದರೆ?

ಮಾರ್ಚ್ 8, ಶನಿವಾರ

ಸಂಜೆ ಸುಕ್ಕು ಬಿಚ್ಚುವಾಗ ಎಣ್ಣೆ ನೆನೆಯುವ ತನಕ ಕಾಯಲಿಲ್ಲ. ಅಂಚು ಹಿಡಿದು ಎಳೆದೆ. ಹಾವಿನ ಪೊರೆಯ ಹಾಗೆ ಕುತ್ತಿಗೆಯಿಂದ ಕಿವಿಯ ತನಕ ಒಂದೇ ಸಲಕ್ಕೆ ಬಂತು. ಅವಳು ಕುರ್ಚಿಯ ಕೈ ಹಿಡಿದುಕೊಂಡಳು, ಕೂಗಲಿಲ್ಲ. ನನಗೂ ಮನೆಗೆ ಹೋಗುವ ಆತುರವಿತ್ತು.

ಮಾರ್ಚ್ 9, ಭಾನುವಾರ

ಅಕ್ಕನಿಗೆ ಕೆಮ್ಮು. ಅವಳ ಕಫದ ಬಟ್ಟಲು ತೊಳೆದೆ. ಊಟ ಸೇರಲಿಲ್ಲ.

ಮಾರ್ಚ್ 10, ಸೋಮವಾರ

ಹುಡುಗಿಯ ದವಡೆಯ ಉದ್ದಕ್ಕೂ ಕೆಂಪು ದದ್ದು, ಅಲ್ಲಲ್ಲಿ ನೀರುಗುಳ್ಳೆ. ರಬ್ಬರ್ ಹಚ್ಚುವ ಹಾಗಿಲ್ಲ. ಎರಡು ದಿನದ ಮಟ್ಟಿಗೆ ಚಿತ್ರೀಕರಣ ನಿಲ್ಲಿಸಿದರು. ನಿರ್ದೇಶಕ ಕೆಳಗೆ ಮೆಟ್ಟಿಲ ಮೇಲೆ ಕೂತು ಕಿರುಚಾಡಿದ. ಇದು ಹೇಗಾಯಿತು ಎಂದು ನನ್ನನ್ನು ಕೇಳುವ ಮೊದಲೇ ಅವಳು, "ನಂದೇ ತಪ್ಪು ಸರ್. ಶನಿವಾರ ಸುಸ್ತಾಗಿತ್ತು. ಮನೆಗೆ ಹೋಗಿ ನಾನೇ ಕಿತ್ಕೊಂಡೆ" ಎಂದಳು.

"ಬುದ್ಧಿ ಇಲ್ವಾ ನಿಂಗೆ? ಇದೇನು ಬ್ಯಾಂಡೇಜಾ?"

"ಇಲ್ಲ ಸರ್. ಬುದ್ಧಿ ಸ್ವಲ್ಪ ಕಮ್ಮಿ."

ನನ್ನ ಪರವಾಗಿ ಸುಳ್ಳು ಹೇಳಲು ಇವಳಾರು? ನಾನು ಕೇಳಿದ್ದೆನೇ? ದಯೆ ತೋರಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದು ಮೇಲು. ಬೈಗುಳ ಮನೆಗೆ ಹಿಂದೆಯೇ ಬರುವುದಿಲ್ಲ.

ಮಾರ್ಚ್ 11, ಮಂಗಳವಾರ

ಹಿಂದೆಯೇ ಬಂದಳು. ಮಧ್ಯಾಹ್ನ ಬಾಗಿಲು ತೆಗೆದರೆ ಮುಖದ ತುಂಬ ಬಿಳಿ ಮುಲಾಮು ಬಳಿದುಕೊಂಡು ನಿಂತಿದ್ದಾಳೆ. ಅಕ್ಕ ಒಳಗಿನಿಂದ, "ಯಾರೋ ಅದು?" ಎಂದಳು. "ಕೆಲಸದವರು" ಎಂದೆ. "ನಾನು ಇವರ ಮುದುಕಿ ಅಜ್ಜಿ" ಎಂದು ಇವಳು ಒಳಗೇ ನುಗ್ಗಿದಳು. ಅಕ್ಕ ನಕ್ಕ ಸದ್ದು ಕೇಳಿ ತಿಂಗಳುಗಳೇ ಆಗಿತ್ತು. ನಕ್ಕು ಕೆಮ್ಮಿದಳು, ಕೆಮ್ಮಿ ನಕ್ಕಳು. ಹುಡುಗಿ ಹೇಳಿಸಿಕೊಳ್ಳದೆ ಬಟ್ಟಲು ಹಿಡಿದಳು. ಮುಖ ಹಿಂಡಲಿಲ್ಲ. ನಾನು ನೋಡುತ್ತಲೇ ಇದ್ದೆ, ಹಿಂಡಲಿಲ್ಲ.

ಅಕ್ಕ ಚಹಾ ಮಾಡಲು ಎದ್ದು ಹೋದ ಮೇಲೆ ಮೆಲ್ಲಗೆ, "ಕೈ ಎಷ್ಟು ದಿನದಿಂದ?" ಎಂದಳು.

"ಯಾವ ಕೈ?"

"ಮೇಷ್ಟ್ರೇ."

ನಾನು ಕಿಟಕಿಯ ಕಡೆ ನೋಡಿದೆ.

"ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಮಣಿಕಟ್ಟು ಹಿಡ್ಕೊಳ್ಳೋದು ನಿಮ್ ಗತ್ತು ಅಂದ್ಕೊಂಡಿದ್ದೆ. ಚೆನ್ನಾಗಿದೆ ಅಂತ ಎತ್ಕೊಂಡೆ. ಶಾಟ್‌ನಲ್ಲಿ ಮಾಡ್ದಾಗ ಗೊತ್ತಾಯ್ತು. ಏನನ್ನೋ ಬಿಟ್ರೆ ಓಡಿಹೋಗತ್ತೆ ಅನ್ನೋ ಹಾಗೆ ಹಿಡೀಬೇಕಾಗತ್ತೆ ಅದನ್ನ. ಗತ್ತಿಗೆ ಯಾರೂ ಅಷ್ಟು ಬಿಗಿಯಾಗಿ ಹಿಡಿಯಲ್ಲ."

"ಯಾರಿಗೆ ಹೇಳಿದ್ದೀಯ?"

"ನಿಮ್ಗೆ. ಈಗ."

ಡಾಕ್ಟರಿಗೆ ತೋರಿಸಿ ಎಂದಳು. ಅಷ್ಟರಲ್ಲಿ ಅಕ್ಕ ಬಂದಳು. ಚಹಾ ಕಲಗಚ್ಚಿನ ಹಾಗಿತ್ತು. ಹುಡುಗಿ ಎರಡು ಲೋಟ ಕುಡಿದಳು. ಹೊಗಳಿದಳು ಕೂಡ. ಸುಳ್ಳು ಅವಳಿಗೆ ನೀರು ಕುಡಿದಷ್ಟು ಸಲೀಸು.

ಮಾರ್ಚ್ 13, ಗುರುವಾರ

ಕುರ್ಚಿಯಲ್ಲಿ ಕೂತವಳೇ ಮೊಣಕೈಯನ್ನು ಕುರ್ಚಿಯ ತೋಳಿಗೆ ಊರಿ, ಮುಷ್ಟಿ ಕಟ್ಟಿ ಗಲ್ಲದ ಹತ್ತಿರ ಎತ್ತಿ ಹಿಡಿದಳು. "ನಿಮ್ ಕೈ ಇದ್ರ ಮೇಲೆ ಇಡಿ" ಎಂದಳು. ಬೇಡ ಎಂದೆ. ಹಿಡಿದೇ ಇದ್ದಳು. ಇಟ್ಟೆ. ಮಣಿಕಟ್ಟು ಅವಳ ಮುಷ್ಟಿಯ ಮೇಲೆ ಕೂತಿತು. ನಡುಕ ಅಲ್ಲಿಗೇ ನಿಂತಿತು. ಎಡಗೈ ತೆರವಾಯಿತು. ಐದು ತಿಂಗಳ ಮೇಲೆ ಎರಡು ಕೈಯಲ್ಲಿ ಕೆಲಸ ಮಾಡಿದೆ. ಮೂರು ಗಂಟೆಯ ಕೆಲಸ ಎರಡೂವರೆಗೇ ಮುಗಿಯಿತು.

ಅವಳ ಮುಷ್ಟಿ ಬೆವರುತ್ತದೆ. ಮಣಿಕಟ್ಟಿಗೆಲ್ಲ ಅಂಟುಅಂಟು.

ಮಾರ್ಚ್ 15, ಶನಿವಾರ

ಬೆಳಗ್ಗೆ ಅವಳು ಏನೂ ತಿನ್ನದೆ ಬರುತ್ತಾಳೆ. ಖಾಲಿ ಹೊಟ್ಟೆಯ ಚರ್ಮ ರಬ್ಬರ್ ಹಿಡಿಯುವುದಿಲ್ಲ. ಅಕ್ಕನಿಗೆ ಹೇಳಿ ಡಬ್ಬಿ ಕಟ್ಟಿಸಿಕೊಂಡು ಹೋದೆ. ಕೆಲಸದ ದೃಷ್ಟಿಯಿಂದ.

ಮಾರ್ಚ್ 18, ಮಂಗಳವಾರ

ಕುರ್ಚಿಯಿಂದ ಏಳುವುದನ್ನು ಅವಳು ಇನ್ನೂ ತಪ್ಪು ಮಾಡುತ್ತಾಳೆ. ನೋಡಿ ನೋಡಿ ಸಾಕಾಯಿತು. ಊಟದ ವಿರಾಮದಲ್ಲಿ ಅಡುಗೆಮನೆಯ ಬಾಗಿಲು ಹಾಕಿಸಿ, "ಸೊಂಟದಿಂದ ಅಲ್ಲ ಏಳೋದು. ಮೊದ್ಲು ಏಳೋದಿಲ್ಲ ಅಂತ ತೀರ್ಮಾನ ಮಾಡ್ಬೇಕು. ಆಮೇಲೆ ಬೇರೆ ದಾರಿ ಇಲ್ಲ ಅಂತ ಏಳ್ಬೇಕು" ಎಂದು ಎದ್ದು ತೋರಿಸಿದೆ. ಎರಡು ಸಲ. ಆ ಸದ್ದನ್ನೂ ಮಾಡಿದೆ. ಅದು ಮೂಗಿನಿಂದ ಬರುತ್ತದೆ, ಅವಳು ಗಂಟಲಿನಿಂದ ಮಾಡುತ್ತಿದ್ದಳು. ಅಂಥ ತಪ್ಪನ್ನು ಪರದೆಯಲ್ಲಿ ನೋಡುವುದು ನನ್ನಿಂದಾಗದು.

"ನಂಗೆ ವಯಸ್ಸಾದ್ಮೇಲೆ ಸುಲಭ ಆಗತ್ತೆ, ಎಲ್ಲಾ ಬಾಯಿಪಾಠ" ಎಂದಳು.

"ಬಾಯಿಪಾಠ ಮಾಡಿದ್ದು ಆ ಹೊತ್ತಿಗೆ ಮರ್ತಿರತ್ತೆ."

ಕನ್ನಡಿಯ ಅಂಚಿನ ಚಿತ್ರವನ್ನು ನೋಡುವುದು ಬಿಟ್ಟಿದ್ದೇನೆ. ಕನ್ನಡಕದಲ್ಲೂ ಅದು ಮಂಜು. ನೋಡುವ ಅಗತ್ಯವೂ ಇಲ್ಲ, ಮುಖ ಕೈಗೆ ಬಂದಿದೆ. ತಲೆ ಎತ್ತಿದರೆ ಎದುರಿಗೇ ಇದ್ದ ಹಾಗೆ ಕಾಣುತ್ತದೆ. ಇವತ್ತು ಕಣ್ಣಿನ ಕೆಳಗಿನ ಚೀಲ ಬಹಳ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ, ನೋಡಿ ನನಗೇ ಹೇಸಿಗೆಯಾಯಿತು.

ಮಾರ್ಚ್ 21, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬಟ್ಟೆ, ಕೂದಲು, ಮುಖ ಬದಲಾಗದ ಹಾಗೆ ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಾಳೆ, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡವಳು. ಬೆಳಗ್ಗೆ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಮುದುಕಿಯ ಫೋಟೋಗಳನ್ನು ಮೊದಲ ದಿನದಿಂದ ನಿನ್ನೆಯ ತನಕ ಸಾಲಾಗಿ ಜೋಡಿಸಿದಳು. ನಿರ್ದೇಶಕ, ಹುಡುಗಿ, ನಾನು.

"ಮೊದಲನೇದನ್ನೂ ಕೊನೇದನ್ನೂ ನೋಡಿ ಸರ್" ಎಂದಳು.

ಮೊದಲನೆಯದು ಚಿತ್ರದ ಮುದುಕಿ. ದುಂಡು ಮುಖ, ಮೆತ್ತನೆ ಸುಕ್ಕು. ಆಮೇಲೆ ದಿನ ದಿನಕ್ಕೂ ಕೆನ್ನೆ ಒಳಗೆ ಹೋಗಿದೆ. ಮೂಗಿನ ಪಕ್ಕದ ಗೆರೆ ಆಳವಾಗಿದೆ. ಎಡಗಣ್ಣಿನ ಚೀಲ ಬಲಗಣ್ಣಿನದಕ್ಕಿಂತ ದೊಡ್ಡದಾಗಿದೆ. ಹುಬ್ಬಿನ ಮೇಲೆ, ಮೊದಲು ಇಲ್ಲದ ಒಂದು ಕಂದು ಕಲೆ, ಹುಣಸೆಬೀಜದಷ್ಟು.

"ಯಾರಿದು ಮೇಷ್ಟ್ರೇ?" ಎಂದ ನಿರ್ದೇಶಕ. ನಾನು ತಲೆ ಎತ್ತಿದೆ. ಎದುರಿಗೆ ಕನ್ನಡಿ. ನನ್ನ ಹುಬ್ಬಿನ ಮೇಲೆ ಅದೇ ಕಲೆ. ಹುಡುಗಿಯನ್ನು ಬೆನ್ನು ಹಾಕಿಸಿ ಕೂರಿಸಿ, ಹತ್ತು ಹದಿನೈದು ದಿನ, ಅವಳ ತಲೆಯ ಮೇಲಿಂದ ನಾನು ನೋಡಿ ಬರೆಯುತ್ತಿದ್ದದ್ದು ಇದನ್ನು.

ಅವಳ ಎಳೆಯ ಮುಖಕ್ಕೆ ಇದನ್ನು ಹಚ್ಚಿದ್ದೆನೇ?

"ಈ ಮುಖ ಆ ಮುಖಕ್ಕೆ ಹೇಗೆ ಅಂಟಿಸ್ಲಿ? ಮೊದಲನೇ ವಾರದ್ದೆಲ್ಲ ಮತ್ತೆ ಮಾಡ್ಬೇಕು. ಮತ್ತೆ!"

"ನಾನೇ ಹೇಳ್ದೆ ಸರ್" ಎಂದಳು ಹುಡುಗಿ. "ಪಾತ್ರಕ್ಕೆ ಸ್ವಲ್ಪ ಗಡಸು ಮುಖ ಇದ್ರೆ ಚೆನ್ನಾಗಿರತ್ತೆ ಅಂತ ದಿನಾ ಬದಲು ಮಾಡಿಸ್ದೆ. ಮೇಷ್ಟ್ರು ಬೇಡ ಅಂತಾನೇ ಇದ್ರು."

ನಿರ್ದೇಶಕ ಅವಳ ಕಡೆ ತಿರುಗಿದ. ಅವನು ಕಿರುಚಲಿಲ್ಲ, ಅದೇ ಕೆಟ್ಟದ್ದಾಗಿತ್ತು. "ನೀನು ಹೇಳ್ದೆ. ಮೊದ್ಲು ಚರ್ಮ ಕಿತ್ಕೊಂಡೆ, ಈಗ ಇದು. ಈ ಸಿನಿಮಾ ಹೇಗಾದ್ರೂ ಮುಗಿಸ್ತೀನಿ. ಆದ್ರೆ ಮುಂದೆ ನಿನ್ ಬಗ್ಗೆ ಯಾರಾದ್ರೂ ನನ್ನ ಕೇಳ್ತಾರಲ್ಲ, ಅವ್ರಿಗೆ ನಾನು ಇದನ್ನೇ ಹೇಳೋದು."

ಅವಳು ತಲೆಯಾಡಿಸಿದಳು, ಸರಿ ಎಂಬಂತೆ. ಕಿವಿ ಕೆಂಪಾಗಿತ್ತು.

ಸುಮ್ಮನಿದ್ದರೆ ಸಾಕಿತ್ತು. ಇನ್ನೊಂದು ವಾರ. ನಾನು ಸುಮ್ಮನಿರುವುದರಲ್ಲಿ ಪಳಗಿದವನು. ಅಷ್ಟರಲ್ಲಿ ಯಾರೋ "ಸುಳ್ಳು" ಎಂದರು. ನೋಡಿದರೆ ನಾನೇ.

"ನನ್ ಕೈ ನಡುಗತ್ತೆ. ಕಣ್ಣೂ ಮಂಜು. ಅವತ್ತು ಶನಿವಾರ ಆ ರಬ್ಬರ್ ಕಿತ್ತಿದ್ದೂ ನಾನೇ. ಈ ಹುಡುಗಿಗೆ ಸುಳ್ಳು ಹೇಳೋ ಚಟ."

ಬಲಗೈಯನ್ನು ಕಟ್ಟೆಯ ಮೇಲೆ ಇಟ್ಟೆ, ಫೋಟೋಗಳ ಮೇಲೆ. ಹಿಡಿದುಕೊಳ್ಳಲಿಲ್ಲ. ಅದು ತನ್ನ ಪಾಡಿಗೆ ತಾನು ನಡುಗಿತು. ಕನ್ನಡಕದ ಹೆಂಗಸು ಬೇರೆ ಕಡೆ ನೋಡಿದಳು. ಸಭ್ಯರು ವಾಂತಿ ಕಂಡಾಗ ನೋಡುವ ಹಾಗೆ.

ಬಾಯಿ ತಪ್ಪಿ ಬಂದದ್ದಕ್ಕೆ ಇಷ್ಟು ಬರೆಯಬೇಕಾಗಿರಲಿಲ್ಲ.

ಮಾರ್ಚ್ 22, ಶನಿವಾರ

ನನ್ನ ಜಾಗಕ್ಕೆ ಹೊಸ ಮೇಕಪ್‌ನವನು ಬಂದಿದ್ದಾನಂತೆ. ಅಚ್ಚಿನಲ್ಲಿ ಎರಕ ಹೊಯ್ದ ಸಿದ್ಧ ಮುಖವಾಡ ತಂದಿದ್ದಾನಂತೆ. ನಲವತ್ತು ನಿಮಿಷದ ಕೆಲಸ.

ಹುಡುಗಿ ಸಂಜೆ ಮನೆಗೆ ಬಂದಳು. ಕೂರಲಿಲ್ಲ.

"ನಾನು ಸಂಭಾಳಿಸ್ತಿದ್ದೆ ಅಲ್ವಾ? ಯಾಕೆ ಬಾಯಿ ಬಿಟ್ರಿ?"

"ನಿನ್ ಸುಳ್ಳು ಕೇಳಿ ಕೇಳಿ ಬೇಜಾರಾಗಿತ್ತು."

"ನಂಗೆ ಇಪ್ಪತ್ನಾಲ್ಕು ಮೇಷ್ಟ್ರೇ. ಇದು ಹೋದ್ರೆ ಇನ್ನೊಂದು ಸಿಗತ್ತೆ. ನಿಮ್ಗೆ?"

ಇದನ್ನು ಅವಳು ಕೇಳಬಾರದಿತ್ತು. ಕೇಳಿದ ಮೇಲೆ ಅವಳಿಗೂ ಹಾಗೇ ಅನ್ನಿಸಿರಬೇಕು. ಅಳಲು ಶುರು ಮಾಡಿದಳು. ಮೂಗು ಸೋರಿಸಿಕೊಂಡು ಅಳುತ್ತಾಳೆ. ಸಿನಿಮಾದಲ್ಲಿ ಎಷ್ಟು ಅಂದವಾಗಿ ಅಳುತ್ತಾಳೆ. ನನ್ನ ಕರವಸ್ತ್ರ ಕೊಟ್ಟೆ. ಹಾಳಾಯಿತು.

ಹೋಗುವಾಗ ಅಕ್ಕನ ಹತ್ತಿರ ಏನೋ ಪಿಸುಗುಟ್ಟಿದಳು.

ಮಾರ್ಚ್ 24, ಸೋಮವಾರ

ಬೆಳಗ್ಗೆ ಐದಕ್ಕೆ ಎಚ್ಚರ. ಹೋಗಲು ಜಾಗವಿಲ್ಲ. ಅಕ್ಕ ಹುಡುಗಿಯ ಡಬ್ಬಿ ತುಂಬಿ ಮುಚ್ಚಳ ಹಾಕುತ್ತಿದ್ದಳು. ಇಬ್ಬರೂ ಅದನ್ನು ನೋಡಿಕೊಂಡು ನಿಂತೆವು.

ಮಾರ್ಚ್ 28, ಶುಕ್ರವಾರ

ಪಿಸುಗುಟ್ಟಿದ್ದು ಏನೆಂದು ಇವತ್ತು ಗೊತ್ತಾಯಿತು. ಹುಡುಗಿ ಡಾಕ್ಟರ ಹತ್ತಿರ ನನ್ನ ಹೆಸರು ಬರೆಸಿದ್ದಾಳೆ. ಅಕ್ಕ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತು, "ನೀನು ಬರದಿದ್ರೆ ನಾನೇ ಹೋಗಿ ನಿನ್ ಹೆಸರಲ್ಲಿ ತೋರಿಸ್ಕೊಂಡು ಬರ್ತೀನಿ" ಎಂದಳು. ಹೊರಟೆ.

ಕಾಯುವ ಕೋಣೆಯ ತುಂಬ ನನ್ನಂಥವರು. ತೆರೆದ ಬಾಯಿಗಳು, ಊದಿದ ಕಾಲುಗಳು, ಒಬ್ಬನ ಅಂಗಿಯ ಮೇಲೆ ಒಣಗಿದ ಗಂಜಿ. ಅವರೂ ನನ್ನನ್ನು ಅದೇ ಕಣ್ಣಿನಿಂದ ನೋಡುತ್ತಿದ್ದರು. ಫಿನಾಯಿಲ್ ಹಾಕಿ ಒರೆಸಿದರೂ ಕೆಳಗಿನ ವಾಸನೆ ಹೋಗಿರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ಬೆರಳಿಂದ ಮೂಗು ಮುಟ್ಟಿಸಿದರು. ಕಾಗದದ ಮೇಲೆ ಸುರುಳಿ ಬರೆಸಿದರು. ನಲವತ್ತು ವರ್ಷ ಹುಬ್ಬು ತಿದ್ದಿದ ಕೈ ಬರೆದ ಸುರುಳಿ ಅದು. ನೋಡಲಾಗಲಿಲ್ಲ.

"ಮೊದ್ಲು ಯಾರು ಗಮನಿಸಿದ್ದು?"

"ಹುಡುಗಿಯೊಬ್ಬಳು."

"ಮನೆಯವರಾ?"

"ಹೂಂ" ಎಂದೆ. ಮೂಲೆಯಲ್ಲಿ ಕೂತಿದ್ದ ಅಕ್ಕ ತಿದ್ದಲಿಲ್ಲ.

"ಸರಿ, ಬಾಗಿಲ ತನಕ ನಡ್ಕೊಂಡು ಹೋಗಿ ಬನ್ನಿ. ಮಾಮೂಲಿ ಹೇಗೆ ನಡೀತೀರೋ ಹಾಗೇ."

ಗಡಿಯಾರ ನೋಡಿದೆ. ಹನ್ನೊಂದು. ಅಲ್ಲಿ ನಾಲ್ಕನೇ ಮಹಡಿಯಲ್ಲಿ ಆ ಹೊತ್ತಿಗೆ ಕೊನೆಯ ಶಾಟ್, ಮುದುಕಿ ಸಾಯುತ್ತಿರಬೇಕು. ಇಲ್ಲಿ ನಾನು ಎದ್ದು ನಿಂತೆ, ನಿಂತವನಿಗೆ ಮಾಮೂಲಿ ಹೇಗೆ ನಡೆಯುತ್ತೇನೆ ಎಂಬುದು ನೆನಪಾಗಲಿಲ್ಲ. ನನ್ನ ನಡಿಗೆಯನ್ನು ನಾನು ಕಣ್ಣಾರೆ ಕಂಡಿರುವುದು ಒಂದೇ ಕಡೆ, ಆ ಸಣ್ಣ ಪರದೆಯಲ್ಲಿ, ಹುಡುಗಿ, ನಿನ್ನ ಕಾಲಿನಲ್ಲಿ. ಅದನ್ನೇ ನೆನಪು ಮಾಡಿಕೊಂಡು ಹೊರಟೆ. ಎಡಗಾಲು ಸ್ವಲ್ಪ ತಡ. ಭುಜ ಮುಂದೆ. ಬಾಗಿಲ ಹಿಡಿ ಮುಟ್ಟಿ, ಒಂದು ಕ್ಷಣ ನಿಂತು, ತಿರುಗಿದೆ. ಡಾಕ್ಟರು ಏನೋ ಗೀಚಿಕೊಂಡರು. ಅವರಿಗೇನು ಗೊತ್ತು. ನೀನಿದ್ದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆ. ಹೇಳು, ಸರಿಯಾಗಿ ನಡೆದೆನೇ?